ಸೊಲ್ಲಾಪುರದ ಕೋಟೆಗೆ ಮೂರೇ ಕಡೆ ಕಂದಕ ಯಾಕೆ?

ಮಕ್ಕಳೇ, ಸಂಕ್ರಾಂತಿ ಜಾತ್ರೆಗೆ ಸೊಲ್ಲಾಪುರಕ್ಕೆ ಹೋದವರು ಸಿದ್ಧೇಶ್ವರ ಕೆರೆ ನೋಡಿಯೇ ಇರುತ್ತೀರಿ. ಕೆರೆಯ ಪಡುವಣ ದಂಡೆಗೆ ಒಂದು ಕಲ್ಲಿನ ಕೋಟೆ ಇದೆಯಲ್ವಾ? ಅದೇ ಭುಯಿಕೋಟ್. ಬೆಟ್ಟದ ಮೇಲಲ್ಲ, ಬಯಲಲ್ಲೇ ಕಟ್ಟಿದ ಕೋಟೆ.

ಬೆಟ್ಟದ ಕೋಟೆಗೆ ಬಂಡೆಗಳೇ ಅರ್ಧ ಕಾವಲು ಕಾಯುತ್ತವೆ. ಬಯಲಿನ ಕೋಟೆಗೆ ಆ ಅನುಕೂಲ ಇಲ್ಲ. ಶತ್ರು ಯಾವ ದಿಕ್ಕಿನಿಂದಲಾದರೂ ನಡೆದು ಬಂದು ಗೋಡೆಯ ಬುಡದಲ್ಲಿ ನಿಲ್ಲಬಹುದು. ಅದಕ್ಕೇ ಸುತ್ತಲೂ ಅಗಲವಾದ ಗುಂಡಿ ತೋಡುತ್ತಿದ್ದರು. ಅದೇ ಕಂದಕ.

ಈ ಉಪಾಯ ತುಂಬಾ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರ ಒಂದಲ್ಲ, ಮೂರು ಕಂದಕ ತೋಡಿ ಅನ್ನುತ್ತದೆ. ಅದರಲ್ಲಿ ತಾವರೆ ಇರಲಿ, ಮೊಸಳೆಯೂ ಇರಲಿ ಅನ್ನುತ್ತದೆ. ತೋಡಿದ ಮಣ್ಣನ್ನು ಒಳಬದಿಗೆ ಗುಡ್ಡೆ ಹಾಕಿ ಕೋಟೆಯ ದಿಬ್ಬ ಮಾಡಬೇಕಂತೆ. ನನಗೆ ಮೊಸಳೆಗಿಂತ ಈ ಮಣ್ಣಿನ ಮಾತೇ ಜಾಸ್ತಿ ಇಷ್ಟ. ಒಂದೇ ಕೆಲಸದಲ್ಲಿ ಹೊರಗೆ ಹಳ್ಳ, ಒಳಗೆ ಎತ್ತರ!

ಕಂದಕ ಅಂದರೆ ಶತ್ರು ಬಿದ್ದು ಮುಳುಗಲಿ ಎಂದು ತೋಡಿದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಅದರ ದೊಡ್ಡ ಕೆಲಸ ಬೇರೆಯೇ. ಶತ್ರು ತಂದ ಸಾಮಾನು ಗೋಡೆಯ ಹತ್ತಿರ ಬಾರದಂತೆ ತಡೆಯುವುದು. ಏಣಿ ನಿಲ್ಲಿಸಲು ಗಟ್ಟಿ ನೆಲ ಬೇಕು. ಬಾಗಿಲು ಗುದ್ದುವ ಆನೆಗೆ ಓಡಿ ಬರಲು ಜಾಗ ಬೇಕು. ನಡುವೆ ನೀರು ಬಂದರೆ ಎರಡೂ ಆಗುವುದಿಲ್ಲ. ಕಂದಕ ದಾಟಲು ಹೊರಟವರ ಮೇಲೆ ಗೋಡೆಯ ಮೇಲಿದ್ದವರು ಬಾಣ ಬಿಡುತ್ತಿದ್ದರು. ನೀರಲ್ಲಿ ನಿಂತವನಿಗೆ ಓಡಲೂ ಆಗದು, ಅಡಗಲೂ ಆಗದು.

ಇನ್ನೊಂದು ಅಪಾಯ ನೆಲದ ಕೆಳಗಿತ್ತು: ಸುರಂಗ. 1215ರಲ್ಲಿ ಇಂಗ್ಲೆಂಡಿನ ರೋಚೆಸ್ಟರ್ ಕೋಟೆಯನ್ನು ರಾಜ ಜಾನ್ ಮುತ್ತಿದ. ಅವನ ಕಡೆಯವರು ದೊಡ್ಡ ಗೋಪುರದ ಒಂದು ಮೂಲೆಯ ಅಡಿಯಲ್ಲೇ ಮಣ್ಣು ತೆಗೆದರು. ಮೇಲಿನ ಕಲ್ಲು ಬೀಳದಂತೆ ಮರದ ಕಂಬ ಕೊಟ್ಟರು. ಆಮೇಲೆ 40 ಹಂದಿಗಳ ಕೊಬ್ಬು ಹಾಕಿ ಆ ಕಂಬಗಳಿಗೆ ಬೆಂಕಿ ಇಟ್ಟರು. ಕಂಬ ಸುಟ್ಟಿತು, ಗೋಪುರದ ಮೂಲೆ ಕುಸಿಯಿತು. ಸುತ್ತ ನೀರಿರುವ ಕೋಟೆಯಲ್ಲಿ ಈ ಆಟ ನಡೆಯುವುದು ಕಷ್ಟ. ಹೊಳೆದಂಡೆಯ ಮರಳಲ್ಲಿ ಗುಂಡಿ ತೋಡಿದಾಗ ನೀರು ಒಸರುತ್ತದಲ್ಲ, ಹಾಗೆ ಸುರಂಗಕ್ಕೂ ನೀರು ನುಗ್ಗುತ್ತದೆ.

ಅದೇ ದೇಶದ ಕೆನಿಲ್‌ವರ್ತ್ ಕೋಟೆಯ ಬಳಿ ದೊಡ್ಡ ಕೆರೆಯನ್ನೇ ನಿಲ್ಲಿಸಿದ್ದರು. 1266ರಲ್ಲಿ ರಾಜನ ಸೈನ್ಯ ದೂರದಿಂದ ದೋಣಿ ತರಿಸಿದರೂ ಒಳಗೆ ನುಗ್ಗಲಾಗಲಿಲ್ಲ. ಸುಮಾರು ಆರು ತಿಂಗಳಾದ ಮೇಲೆ ಕೋಟೆ ಶರಣಾಯಿತು. ಸೋಲಿಸಿದ್ದು ಹಸಿವು ಮತ್ತು ಕಾಯಿಲೆ.

ಈಗ ನಮ್ಮ ಸೊಲ್ಲಾಪುರಕ್ಕೆ ಬರೋಣ. ಆಗ ಇದರ ಹೆಸರು ಸೊನ್ನಲಿಗೆ. 12ನೇ ಶತಮಾನದಲ್ಲಿ ವಚನಕಾರ ಸಿದ್ಧರಾಮ ಇಲ್ಲಿ ಕೆರೆ ತೋಡಿಸಿದ. ಜನಕ್ಕೆ, ದನಕರುಗಳಿಗೆ ನೀರು ಸಿಗಲಿ ಎಂದು. ಯುದ್ಧದ ಯೋಚನೆ ಅದರಲ್ಲಿ ಇರಲೇ ಇಲ್ಲ. ಮುಂದೆ 14ನೇ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ಕೆರೆಯ ಪಕ್ಕವೇ ಕೋಟೆ ಎದ್ದಿತು. ಎರಡು ಸುತ್ತು ಗೋಡೆ, ಮೂರು ಕಡೆ 100 ಅಡಿಯಷ್ಟು ಅಗಲದ ನೀರಿನ ಕಂದಕ. ಮೂಡಣ ದಿಕ್ಕಿಗೆ ಮಾತ್ರ ತೋಡಲಿಲ್ಲ. ಅಲ್ಲಿ ಸಿದ್ಧರಾಮನ ಕೆರೆಯೇ ಇತ್ತಲ್ಲ!

ಈ ಕೋಟೆಗಾಗಿ ಬಿಜಾಪುರ ಮತ್ತು ಅಹ್ಮದ್‌ನಗರದ ಸುಲ್ತಾನರು ಮತ್ತೆ ಮತ್ತೆ ಕಾದಾಡಿದರು. ಮದುವೆಯ ವರದಕ್ಷಿಣೆಯಾಗಿಯೂ ಇದು ಕೈ ಬದಲಾಯಿಸಿತು. ಅಹ್ಮದ್‌ನಗರದ ರಾಜಕುಮಾರಿ ಚಾಂದ್ ಬೀಬಿಯ ಜೊತೆ ಬಿಜಾಪುರದ ಮನೆಗೆ ಬಂದದ್ದು ಇದೇ ಕೋಟೆ.

ಕಂದಕದ ಬಲ ಕುಗ್ಗಿದ್ದು ತೋಪು ಬಂದ ಮೇಲೆ. ನಡೆದು ಬರುವವನನ್ನು ನೀರು ತಡೆಯುತ್ತದೆ, ಹಾರಿ ಬರುವ ಗುಂಡನ್ನು ತಡೆಯುವುದಿಲ್ಲ. ದೂರದಲ್ಲೇ ನಿಂತು ಗೋಡೆ ಒಡೆಯಬಹುದು. 1818ರ ಮೇ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಥಾಮಸ್ ಮನ್ರೋ, ಮರಾಠರ ಪೇಶ್ವೆಯ ಕಡೆಯವರಿದ್ದ ಸೊಲ್ಲಾಪುರಕ್ಕೆ ಸೈನ್ಯ ತಂದ. ಮೊದಲು ಪೇಟೆ ಹಿಡಿದ, ಆಮೇಲೆ ಕೋಟೆಯ ಕಡೆಗೆ ತೋಪು ತಿರುಗಿಸಿದ. ಒಂದು ಕಡೆ ಕೆರೆ, ಮೂರು ಕಡೆ ಕಂದಕ ಇದ್ದ ಆ ಕೋಟೆ ಕೆಲವೇ ದಿನಗಳಲ್ಲಿ ಶರಣಾಯಿತು.