ಪುಸ್ತಕದಿಂದ ಚಿಮ್ಮಿದ ನೆತ್ತರು

1738ರ ಸೆಪ್ಟೆಂಬರ್. ಅಮೆರಿಕದ ನ್ಯೂಜೆರ್ಸಿಯ ಬರ್ಲಿಂಗ್ಟನ್‌ನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರ ವಾರ್ಷಿಕ ಸಭೆ. ನಾಲ್ಕಡಿಗಿಂತ ಸ್ವಲ್ಪವೇ ಎತ್ತರದ, ಗೂನುಬೆನ್ನಿನ ಬೆಂಜಮಿನ್ ಲೇ ಎದ್ದು ನಿಂತ. ಮೇಲಂಗಿ ಕಳಚಿದ. ಒಳಗೆ ಸಿಪಾಯಿ ಉಡುಪು, ಸೊಂಟದಲ್ಲಿ ಕತ್ತಿ. ಗುಲಾಮರನ್ನು ಇಟ್ಟುಕೊಂಡವರ ನೆತ್ತರನ್ನು ದೇವರು ಹೀಗೇ ಹರಿಸುತ್ತಾನೆ ಎನ್ನುತ್ತಾ ಕೈಯಲ್ಲಿದ್ದ ಪುಸ್ತಕಕ್ಕೆ ತಿವಿದ. ಕೆಂಪು ರಸ ಚಿಮ್ಮಿ ಅಕ್ಕಪಕ್ಕದವರ ಬಟ್ಟೆಗೆಲ್ಲ ಸಿಡಿಯಿತು. ಪುಸ್ತಕವನ್ನು ಕೊರೆದು, ಕಾಡುಹಣ್ಣಿನ ರಸ ತುಂಬಿದ ಚೀಲವನ್ನು ಒಳಗೆ ಅಡಗಿಸಿದ್ದ. ಜನ ಅವನನ್ನು ಎತ್ತಿ ಹೊರಗೆ ಹಾಕಿದರು.

ಲೇಗೆ ಅಷ್ಟು ಸಿಟ್ಟು ಯಾಕೆ? ಐವತ್ತು ವರ್ಷ ಹಿಂದಕ್ಕೆ ಹೋಗಬೇಕು. ಕ್ವೇಕರರು ಯುದ್ಧ ಬೇಡ ಎಂದವರು, ಪ್ರತಿಯೊಬ್ಬರಲ್ಲೂ ದೇವರ ಬೆಳಕಿದೆ ಎಂದು ನಂಬಿದವರು. ಆದರೂ ಅವರಲ್ಲಿ ಅನೇಕರ ಮನೆ, ಹೊಲಗಳಲ್ಲಿ ಆಫ್ರಿಕಾ ಮೂಲದ ಗುಲಾಮರು ದುಡಿಯುತ್ತಿದ್ದರು. 1688ರಲ್ಲಿ ಫಿಲಡೆಲ್ಫಿಯಾ ಹತ್ತಿರದ ಜರ್ಮನ್‌ಟೌನ್‌ನ ನಾಲ್ವರು ಇದು ತಪ್ಪು ಎಂದು ಬರೆದು ಸಹಿ ಹಾಕಿದರು. ನಿಮ್ಮನ್ನೇ ಹೀಗೆ ಮಾರಿದರೆ ಒಪ್ಪುತ್ತೀರಾ ಎಂಬುದು ಅವರ ಪ್ರಶ್ನೆ. ವಿಷಯ ತುಂಬಾ ಭಾರದ್ದು ಎಂದು ತಿಂಗಳ ಸಭೆ ಅದನ್ನು ಮೇಲಿನ ಸಭೆಗೆ ಕಳಿಸಿತು. ಅದು ಇನ್ನೂ ಮೇಲಕ್ಕೆ ಕಳಿಸಿತು. ವಾರ್ಷಿಕ ಸಭೆ ತೀರ್ಮಾನವನ್ನೇ ಕೊಡಲಿಲ್ಲ.

ಲೇ ಬಾರ್ಬಡೋಸ್‌ನಲ್ಲಿ ಅಂಗಡಿ ಇಟ್ಟಿದ್ದವನು. ಗುಲಾಮರು ಹಸಿವಿನಿಂದ ನರಳುವುದನ್ನು, ಹೊಡೆತ ತಿನ್ನುವುದನ್ನು ಕಣ್ಣಾರೆ ಕಂಡಿದ್ದ. ಅವರು ದುಡಿದು ಮಾಡಿದ ಸಕ್ಕರೆಯನ್ನು ಮುಟ್ಟುತ್ತಿರಲಿಲ್ಲ. ಒಮ್ಮೆ ಚಳಿಗಾಲದಲ್ಲಿ, ಸಭೆಯ ಬಾಗಿಲಲ್ಲಿ ಒಂದು ಕಾಲನ್ನು ಬರಿದಾಗಿ ಹಿಮದಲ್ಲಿಟ್ಟು ನಿಂತ. ಕಾಯಿಲೆ ಬೀಳ್ತೀಯ ಎಂದವರನ್ನು ಅವನು ಕೇಳಿದ್ದಿಷ್ಟೇ: ಚಳಿಗಾಲವಿಡೀ ನಿಮ್ಮ ಹೊಲದಲ್ಲಿ ಅರೆಬಟ್ಟೆಯಲ್ಲಿ ನಡುಗುವವರ ಮೇಲೆ ಈ ಕನಿಕರ ಯಾಕಿಲ್ಲ?

ಅದೇ ಪಂಥದ ಜಾನ್ ವುಲ್ಮನ್‌ನ ದಾರಿ ಬೇರೆ. ದಣಿ ಹೇಳಿದನೆಂದು ಕಪ್ಪು ಹೆಂಗಸೊಬ್ಬಳ ಮಾರಾಟದ ಪತ್ರ ಬರೆದುಕೊಟ್ಟಿದ್ದ. ಬರೆಯುವಾಗಲೇ ಮನಸ್ಸು ಚುಚ್ಚಿತ್ತು. ಆಮೇಲೆ ಊರೂರು ಅಲೆದು, ಯಜಮಾನರ ಜೊತೆ ಕೂತು ಮೆತ್ತಗೆ ಮಾತಾಡಿದ. ಗುಲಾಮರು ಬಡಿಸಿದ ಊಟ ಉಂಡರೆ ಸುಮ್ನೆ ಏಳುತ್ತಿರಲಿಲ್ಲ, ದುಡ್ಡು ಕೊಡುತ್ತಿದ್ದ. ಲೇ ಮೊದಲೇ ಅಷ್ಟು ಗದ್ದಲ ಮಾಡಿರದಿದ್ದರೆ ಈ ಮೆತ್ತಗಿನ ಮಾತನ್ನು ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ ಅಂತ ನನಗನಿಸುತ್ತದೆ.

1758ರಲ್ಲಿ ಫಿಲಡೆಲ್ಫಿಯಾದ ವಾರ್ಷಿಕ ಸಭೆ, ಗುಲಾಮರನ್ನು ಕೊಳ್ಳುವ, ಮಾರುವ ಸದಸ್ಯರನ್ನು ಸಭೆಯ ವ್ಯವಹಾರದಿಂದ ದೂರವಿಡಲು ತೀರ್ಮಾನಿಸಿತು. ಸುದ್ದಿ ಕೇಳಿದ ಲೇ, ಇನ್ನು ನೆಮ್ಮದಿಯಿಂದ ಸಾಯಬಹುದು ಎಂದನಂತೆ. ಮರುವರ್ಷ ತೀರಿಕೊಂಡ. 1776ರಲ್ಲಿ ಆ ಸಭೆ ಗುಲಾಮರನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. ಜರ್ಮನ್‌ಟೌನ್‌ನ ಕಾಗದ ಮಾತ್ರ ಎಲ್ಲೋ ಸೇರಿಹೋಗಿತ್ತು. ಮತ್ತೆ ಸಿಕ್ಕಿದ್ದು 1844ರಲ್ಲಿ. ಆಗಲೂ ಅಮೆರಿಕದಲ್ಲಿ 24 ಲಕ್ಷಕ್ಕೂ ಜಾಸ್ತಿ ಜನ ಗುಲಾಮರಾಗಿಯೇ ಇದ್ದರು.