ಕಾಲೇಜು ಮುಗಿದ ಮೇಲೆ ಕ್ಯಾಮೆರಾ ಯಾಕೆ ಮೂಲೆ ಸೇರುತ್ತದೆ?

ಬಾಗಲಕೋಟೆ ನವನಗರದ ನನ್ನ ಫೋಟೋ ಸ್ಟುಡಿಯೋಗೆ ಪದವಿ ಮುಗಿಸಿ ಊರಿಗೆ ಬಂದ ಹುಡುಗ ಹುಡುಗಿಯರು ಬರುತ್ತಿರುತ್ತಾರೆ. ಕೆಲಸ ಕೇಳಲು ಬಂದವರು ಹತ್ತು ನಿಮಿಷ ಮಾತಾಡಿದ ಮೇಲೆ ಬೇರೆಯದೇ ಹೇಳುತ್ತಾರೆ. ದೃಶ್ಯಕಲೆ ಓದಿ ಬಂದ ಹುಡುಗಿಯೊಬ್ಬಳು ಹೇಳಿದಳು: "ಸರ್, ಕ್ಯಾಮೆರಾ ಐತ್ರಿ, ಟೈಮೂ ಐತ್ರಿ. ಆದ್ರ ಏನ್ ತೆಗೀಬೇಕಂತ ತಿಳೀವಲ್ದ್ರಿ." ಎಂಟು ತಿಂಗಳಿಂದ ಮದುವೆ ಫೋಟೋ ಬಿಟ್ಟರೆ ತನಗಾಗಿ ಅವಳು ಒಂದನ್ನೂ ತೆಗೆದಿರಲಿಲ್ಲ.

ಇದು ಸೋಮಾರಿತನ ಅಂತ ನನಗೆ ಅನ್ನಿಸುವುದಿಲ್ಲ. ಕಾಲೇಜಿನಲ್ಲಿ ವಿಷಯ ಕೊಡುವವರು ಇರುತ್ತಾರೆ. ಇಂಥ ದಿನ ತಂದು ತೋರಿಸಬೇಕು ಅಂತ ಇರುತ್ತದೆ. ಗೋಡೆಗೆ ಹಚ್ಚಿದ ಫೋಟೋ ಮುಂದೆ ನಿಂತು "ಇದ್ಯಾಕ ಹಿಂಗ?" ಅಂತ ಕೇಳುವ ಗೆಳೆಯರಿರುತ್ತಾರೆ. ಊರಿಗೆ ಬಂದ ದಿನ ಈ ಮೂರೂ ಒಟ್ಟಿಗೆ ಹೋಗಿಬಿಡುತ್ತವೆ. ಹೊಸ ಲೆನ್ಸ್ ಕೊಂಡರೆ ಹುರುಪು ಮರಳಿ ಬರುತ್ತದೆ ಅಂತ ಸಾಲ ಮಾಡಿದವರನ್ನೂ ನೋಡಿದ್ದೇನೆ. ಬರಲಿಲ್ಲ.

ನಾನು ಮೊದಲು ಹುಡುಕಲು ಹೇಳುವುದು ಮತ್ತೆ ಮತ್ತೆ ಹೋಗಬಹುದಾದ ಒಂದು ಜಾಗ. ಅದು ಮನೆಗೆ ಹತ್ತಿರ ಇರಬೇಕು. ಬಾದಾಮಿ, ಐಹೊಳೆ, ಪಟ್ಟದಕಲ್ಲು ನಮ್ಮ ಜಿಲ್ಲೆಯಲ್ಲೇ ಇವೆ, ಎಲ್ಲರೂ ಅಲ್ಲಿಗೇ ಓಡುತ್ತಾರೆ. ಆದರೆ ಎಲ್ಲರೂ ತೆಗೆದ ಚೌಕಟ್ಟೇ ನಮ್ಮ ಕೈಗೂ ಬಂದಾಗ ಮೂರನೇ ಸಲಕ್ಕೆ ಮನಸ್ಸು ಕಾಲು ಹಿಂದೆಗೆಯುತ್ತದೆ. ಆ ಹುಡುಗಿಗೆ ನಾನು ಹೇಳಿದ್ದು ಹಳೆ ಬಾಗಲಕೋಟೆಯ ನೀರಿನ ಅಂಚು.

ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ಗುಂಟ ನಮ್ಮೂರ ತನಕ ಬರುತ್ತದೆ. ಹಳೆ ಊರಿನ ಒಂದು ಭಾಗ ಅದರಲ್ಲಿ ಮುಳುಗಿತು, ನವನಗರ ಹುಟ್ಟಿದ್ದೇ ಹಾಗೆ. ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಸಹ್ಯಾದ್ರಿಯಲ್ಲಿ ಮಳೆ ಜೋರಾದಾಗ ನೀರು ಏರುತ್ತದೆ, ಬೇಸಿಗೆಯಲ್ಲಿ ಹಿಂದೆ ಸರಿಯುತ್ತದೆ. ನೀವು ನಿಂತಲ್ಲೇ ನಿಂತರೂ ಚಿತ್ರ ಬದಲಾಗುತ್ತಲೇ ಇರುತ್ತದೆ, ಅಲ್ವಾ?

ತಿಂಗಳ ಮೊದಲ ಭಾನುವಾರ ಅಂತ ದಿನ ಗೊತ್ತು ಮಾಡಿದೆವು. ಲೆನ್ಸ್ ಒಂದೇ, ಅವಳ ಹತ್ತಿರ ಇದ್ದ 50 ಮಿ.ಮೀ. ಟ್ರೈಪಾಡ್‌ನ ಕಾಲಿಗೆ ಟೇಪ್ ಹಚ್ಚಿ ಎತ್ತರ ಗುರುತು ಮಾಡಿಕೊಂಡಳು. ಹತ್ತಿರದ ಕಲ್ಲೂ ಆಚೆ ದಂಡೆಯೂ ಸ್ಪಷ್ಟವಾಗಿ ಬರಲಿ ಅಂತ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು (ಅಪರ್ಚರ್) ಎಫ್/8ಕ್ಕಿಂತ ಅಗಲ ತೆರೆಯುವುದಿಲ್ಲ. ಸೂರ್ಯ ಹುಟ್ಟಿದ ಅರ್ಧ ಗಂಟೆಗೆ ಕ್ಲಿಕ್. ಇದರಲ್ಲಿ ಗಡಿಯಾರ ನಂಬಬಾರದು. ಜೂನ್‌ಗೂ ಡಿಸೆಂಬರ್‌ಗೂ ಇಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಮುಕ್ಕಾಲು ಗಂಟೆಯಷ್ಟು ಫರಕು ಇದೆ. ಇನ್ನೊಂದು ಮುಖ್ಯ: ಹೋದ ತಿಂಗಳ ಫೋಟೋವನ್ನು ಮೊಬೈಲ್‌ನಲ್ಲಿ ತೆರೆದಿಟ್ಟು ಚೌಕಟ್ಟಿನ ನಾಲ್ಕೂ ಮೂಲೆ ಹೊಂದಿಸಬೇಕು. ಮೂಲೆಗಳು ಕದಲದಿದ್ದರೆ ನಡುವೆ ಕದಲಿದ್ದು ತಾನಾಗಿ ಕಾಣುತ್ತದೆ.

ಮೊದಲ ನಾಲ್ಕು ತಿಂಗಳು ಬೇಸರ ಬರುತ್ತದೆ. ಆಗ ನಾನು ಅಮೆರಿಕದ ಫೋಟೋಗ್ರಾಫರ್ ನಿಕೊಲಸ್ ನಿಕ್ಸನ್ ಅವರ ಚಿತ್ರ ತೋರಿಸುತ್ತೇನೆ. 1975ರಲ್ಲಿ ಅವರು ತಮ್ಮ ಹೆಂಡತಿಯನ್ನೂ ಆಕೆಯ ಮೂವರು ತಂಗಿಯರನ್ನೂ ಸಾಲಾಗಿ ನಿಲ್ಲಿಸಿ ಒಂದು ಫೋಟೋ ತೆಗೆದರು. ಆಮೇಲೆ ವರ್ಷಕ್ಕೊಂದು, ಅದೇ ನಾಲ್ವರು, ಅದೇ ಸಾಲು, ನಲವತ್ತು ವರ್ಷಕ್ಕೂ ಜಾಸ್ತಿ. ಮೊದಲ ಎರಡು ಮೂರು ನೋಡಿದರೆ ಮನೆಯ ಆಲ್ಬಮ್ ಅನ್ನಿಸೀತು. ಇಪ್ಪತ್ತನೆಯದಕ್ಕೆ ಬರುವಾಗ ನನಗೆ ಗಂಟಲು ಕಟ್ಟಿತ್ತು.

ತೆಗೆದದ್ದನ್ನು ಪ್ರಿಂಟ್ ಹಾಕಿಸಿ. ಪೋಸ್ಟ್‌ಕಾರ್ಡ್ ಅಳತೆ ಸಾಕು. ನೆಲದ ಮೇಲೆ ಹರವಿ ನೋಡಿದಾಗ ತಿಳಿಯುವುದು ಮೊಬೈಲ್‌ನಲ್ಲಿ ಉಜ್ಜುತ್ತಾ ಹೋದರೆ ತಿಳಿಯುವುದಿಲ್ಲ. ನೋಡಲು ಇಬ್ಬರು ಸಾಕು, ಒಬ್ಬರಿಗಾದರೂ ಫೋಟೋ ವಿದ್ಯೆ ಗೊತ್ತಿಲ್ಲದಿದ್ದರೆ ಒಳ್ಳೆಯದು. ನನ್ನ ಫೋಟೋಗಳಿಗೆ ಆ ಇನ್ನೊಬ್ಬರು ನನ್ನ ಅವ್ವ. "ಇದರಾಗ ಮಂದಿ ಎಲ್ಲಿ ಹೋದ್ರೋ?" ಅಂತ ಒಮ್ಮೆ ಕೇಳಿದಳು. ಆ ಪ್ರಶ್ನೆಯಿಂದ ಒಂದು ವರ್ಷದ ಕೆಲಸ ಹುಟ್ಟಿತು.

ಎರಡು ಕಡೆ ಕಾಪಿ ಇಡಿ. ಒಂದೇ ಹಾರ್ಡ್ ಡಿಸ್ಕ್ ನಂಬಿ ನಾನು ಎರಡು ವರ್ಷದ ಚಿತ್ರ ಕಳೆದುಕೊಂಡಿದ್ದೇನೆ. ಆ ನೋವು ಇನ್ನೂ ಹೋಗಿಲ್ಲ.

ಮದುವೆ ಕೆಲಸ ಮಾಡಿದರೆ ಕಲೆ ಸತ್ತುಹೋಗುತ್ತದೆ ಅಂತ ಹೆದರುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕತ್ತಲೆ ಮಂಟಪದಲ್ಲಿ ಒಂದು ಕಿಟಕಿಯ ಬೆಳಕಿಗೆ ಮುಖ ಹಿಡಿಯಲು ಕಲಿತ ಕೈಯೇ ಗುಳೇದಗುಡ್ಡದ ಖಣ ನೇಯುವ ಮನೆಯೊಳಗೂ ಕೆಲಸಕ್ಕೆ ಬರುತ್ತದೆ. ಆದರೆ ಮುಹೂರ್ತಗಳ ದಿನಗಳಲ್ಲಿ ತಿಂಗಳಿಗೆ ಒಂದು ಬೆಳಗ್ಗೆಯನ್ನು ಯಾರಿಗೂ ಕೊಡಬಾರದು. ಈ ವಿಷಯದಲ್ಲಿ ಸ್ವಲ್ಪ ಹಟ ಬೇಕು.

ಆ ಹುಡುಗಿ ಈಗ ಹದಿನಾಲ್ಕು ಪ್ರಿಂಟ್ ತಂದಿದ್ದಾಳೆ. ಹೋದ ವಾರ ಸ್ಟುಡಿಯೋ ನೆಲದ ಮೇಲೆ ಸಾಲಾಗಿ ಇಟ್ಟೆವು. ಎರಡನೆಯದರಲ್ಲಿ ಸುಮ್ನೆ ನೀರು. ಹನ್ನೊಂದನೆಯದರಲ್ಲಿ ಅದೇ ಜಾಗದಲ್ಲಿ ಒಂದು ಮನೆಯ ಕಟ್ಟೆ, ಮೂರು ಮೆಟ್ಟಿಲು. ಅದು ಯಾರ ಮನೆ ಅಂತ ಕೇಳಿಕೊಂಡು ಬರಲು ಅವಳು ಈಗ ನವನಗರದ ಹಿರಿಯರ ಮನೆಗಳಿಗೆ ಹೋಗುತ್ತಿದ್ದಾಳೆ. ಕ್ಯಾಮೆರಾ ಹೆಗಲಲ್ಲೇ ಇದೆ.