ಮೂರು ಠಾಣೆ, ಒಬ್ಬ ಕೊಲೆಗಾರ: ಸರಣಿ ಕೊಲೆಯ ಕಥೆ ಬರೆಯುವವರಿಗೆ ಟಿಪ್ಪಣಿ

ಹೋದ ವಾರ ಧಾರವಾಡದ ರೂಮಿನಲ್ಲಿ ನಾವೆಲ್ಲ ಓದಿದ ಕಥೆಗಳಲ್ಲಿ ಒಂದೇ ತಪ್ಪಿತ್ತು, ನನ್ನದೂ ಸೇರಿ. ಮೊದಲ ಹೆಣ ಸಿಕ್ಕ ಕೂಡಲೇ ಪತ್ತೇದಾರ 'ಇದು ಸೀರಿಯಲ್ ಕಿಲ್ಲರ್ ಕೆಲಸ' ಅಂದುಬಿಡುತ್ತಾನೆ. ಅವನಿಗೆ ಹೇಗೆ ಗೊತ್ತಾಯಿತು? ಬರೆದವನಿಗೆ ಗೊತ್ತಿತ್ತು, ಅಷ್ಟೇ.

ಒಂದು ಕಾಲ್ಪನಿಕ ಕೇಸು ತಗೊಳ್ಳೋಣ. ಹುಬ್ಬಳ್ಳಿಯ ಒಂದು ಲಾಡ್ಜಿನಲ್ಲಿ ಒಬ್ಬ ಹೆಂಗಸು ಸತ್ತಿದ್ದಾಳೆ. ಎರಡು ತಿಂಗಳಿಗೆ ಗದಗದಲ್ಲಿ ಇನ್ನೊಬ್ಬಳು, ಆಮೇಲೆ ಹಾವೇರಿಯಲ್ಲಿ ಮತ್ತೊಬ್ಬಳು. 1997ರ ತನಕ ಇವೆಲ್ಲ ಒಂದೇ ಧಾರವಾಡ ಜಿಲ್ಲೆ. ಈಗ ಹುಬ್ಬಳ್ಳಿಗೆ ಕಮಿಷನರ್, ಉಳಿದೆರಡಕ್ಕೆ ಬೇರೆ ಬೇರೆ ಎಸ್‌ಪಿ. ಪೊಲೀಸ್ ವಲಯ ನೋಡಿದರೆ ಗದಗ ಬೆಳಗಾವಿಗೆ, ಹಾವೇರಿ ದಾವಣಗೆರೆಗೆ. ಕೊಲೆಗಾರನಿಗೆ ಇದರ ಹಂಗಿಲ್ಲ, ಬಸ್ ಹತ್ತಿದರೆ ಆಯಿತು.

ಮೈಮೇಲೆ ಗಾಯವಿಲ್ಲ. ಹಾಗಾಗಿ ಮೂರೂ ಕಡೆ ಯುಡಿಆರ್, ಅಂದರೆ ಅಸಹಜ ಸಾವಿನ ಪ್ರಕರಣ. ಮೊದಲು ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಕಲಂ 174, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ ಕಲಂ 194. ಮೂರು ಫೈಲು ಮೂರು ಕಪಾಟಿನಲ್ಲಿ ಧೂಳು ತಿನ್ನುತ್ತವೆ. ಒಂದೇ ಕೈಯ ಕೊಲೆಗಳ ನಡುವಿನ ಕೊಂಡಿ ಕಾಣದ ಈ ಕುರುಡುತನಕ್ಕೆ ಅಪರಾಧಶಾಸ್ತ್ರದಲ್ಲಿ 'ಲಿಂಕೇಜ್ ಬ್ಲೈಂಡ್‌ನೆಸ್' ಎಂದು ಹೆಸರು. ಹೆಸರಿಟ್ಟವರು ಅಮೆರಿಕದ ಸ್ಟೀವನ್ ಎಗ್ಗರ್.

ಇದು ಬರೀ ಪುಸ್ತಕದ ಮಾತಲ್ಲ. ಸೈನೈಡ್ ಮೋಹನ್ ಪ್ರಕರಣ ನೆನಪಿದೆಯಲ್ವಾ? ದಕ್ಷಿಣ ಕನ್ನಡದ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದವನು. 2003ರಿಂದ 2009ರವರೆಗೆ 20 ಹೆಣ್ಣುಮಕ್ಕಳನ್ನು ಕೊಂದ ಆರೋಪ. ಮದುವೆ ಆಸೆ ತೋರಿಸಿ ಬೇರೆ ಊರಿಗೆ ಕರೆದೊಯ್ಯುತ್ತಿದ್ದ. ಗರ್ಭ ನಿಲ್ಲದಿರಲು ಮಾತ್ರೆ ಅಂತ ಸೈನೈಡ್ ಕೊಡುತ್ತಿದ್ದ, ಬಸ್ ನಿಲ್ದಾಣದ ಶೌಚಾಲಯದಲ್ಲಿ ನುಂಗು ಅನ್ನುತ್ತಿದ್ದ. ಚಿಲಕ ಒಳಗಿನಿಂದ ಹಾಕಿರುತ್ತಿತ್ತು. ನೋಡಿದವರಿಗೆ ಆತ್ಮಹತ್ಯೆ ಅನ್ನಿಸದೆ ಇನ್ನೇನು? ಒಂದೊಂದು ಊರಿಗೆ ಒಂದೊಂದು ಹೆಣ, ಒಂದೊಂದು ಫೈಲು. 2009ರಲ್ಲಿ ಕಾಣೆಯಾದ ಒಬ್ಬಳ ಫೋನ್ ಕರೆಗಳನ್ನು ಹಿಡಿದು ಹೋದ ಪೊಲೀಸರು ಕಾಣೆಯಾಗಿದ್ದ ಇನ್ನೊಬ್ಬಳ ನಂಬರಿಗೆ ಬಂದು ನಿಂತರು. ಅಲ್ಲಿಂದ ಮತ್ತೊಬ್ಬಳು. ಎಳೆ ಬಿಚ್ಚಿಕೊಂಡದ್ದು ಹೀಗೆ.

ಪ್ರೊಫೈಲಿಂಗ್, ಅಂದರೆ ಕೃತ್ಯ ನೋಡಿ ಅಪರಾಧಿ ಎಂಥವನು ಅಂತ ಊಹಿಸುವುದರ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನವರು 36 ಅಪರಾಧಿಗಳನ್ನು ಮಾತಾಡಿಸಿ ಅದಕ್ಕೆ ಅಡಿಪಾಯ ಹಾಕಿದರು. ಕಥೆಗೆ ರುಚಿ, ತನಿಖೆಗೆ ಉಪ್ಪಿನಷ್ಟು ಸಾಕು ಅಂತ ನನ್ನ ಲೆಕ್ಕ.

ಜಾಸ್ತಿ ಗೊಂದಲ ಆಗುವುದು ಎಂ.ಒ. ಮತ್ತು ಸಿಗ್ನೇಚರ್ ನಡುವೆ. ಎಂ.ಒ. (ಮೋಡಸ್ ಆಪರೆಂಡಿ) ಅಂದರೆ ಕೆಲಸ ಮುಗಿಸಿ ಸಿಕ್ಕಿಬೀಳದಿರಲು ಬೇಕಾದ ರೀತಿ. ಅದು ಬದಲಾಗುತ್ತದೆ. ನಮ್ಮ ಕೊಲೆಗಾರ ಹುಬ್ಬಳ್ಳಿ ಲಾಡ್ಜಿನ ರಿಜಿಸ್ಟರಿನಲ್ಲಿ ತನ್ನ ಹೆಸರನ್ನೇ ಬರೆದ. ಗದಗಕ್ಕೆ ಬರುವಾಗ ಕಲಿತಿದ್ದ, ಅವಳ ಕೈಯಲ್ಲೇ ಬರೆಸಿದ. ಸಿಗ್ನೇಚರ್ ಹಾಗಲ್ಲ. ಕೊಲ್ಲಲು ಅದು ಬೇಕೇ ಇಲ್ಲ, ಆದರೂ ಮಾಡದೆ ಇರಲಾರ. ಮೂರೂ ಕಡೆ ಸತ್ತವಳ ಚಪ್ಪಲಿ ಮಂಚದ ಕೆಳಗೆ, ಮೂತಿ ಗೋಡೆಗೆ ಮಾಡಿ, ಜೋಡಿಯಾಗಿ ಇವೆ.

ಈಗ ಪಂಚನಾಮೆ ನೋಡಿ. ಹುಬ್ಬಳ್ಳಿಯದರಲ್ಲಿ 'ಚಪ್ಪಲಿ ಒಂದು ಜೊತೆ' ಅಂತಷ್ಟೇ ಇದೆ. ಗದಗದ್ದರಲ್ಲಿ ಚಪ್ಪಲಿಯ ಮಾತೇ ಇಲ್ಲ. ಹಾವೇರಿಯ ಹೆಡ್ ಕಾನ್‌ಸ್ಟೇಬಲ್ ಮಾತ್ರ 'ಗೋಡೆಯ ಕಡೆ ಮುಖ ಮಾಡಿ ಇಟ್ಟ' ಎಂದು ಬರೆದಿದ್ದಾನೆ. ಭಾನುವಾರಕ್ಕೆ ಈ ಮೂರನ್ನೂ ಬರೆದು ತನ್ನಿ, ಮೂರು ಬೇರೆ ಬೇರೆ ಕೈ ಬರೆದಂತಿರಲಿ. ಗದಗದ ಪಂಚನಾಮೆ ಬರೆದವನು ಚಪ್ಪಲಿಯ ಮಾತನ್ನು ಯಾಕೆ ಬಿಟ್ಟ ಅನ್ನುವುದನ್ನೂ ಯೋಚಿಸಿರಿ. ಅವನು ಸೋಮಾರಿ ಅಂತ ಮಾತ್ರ ಬರೆಯಬೇಡಿ, ಅದು ಎಲ್ಲರಿಗೂ ಹೊಳೆಯುತ್ತದೆ.